ಸೂತ್ರ ಹಿಡಿದೇ ಜೀವಮಾನ ಕಳೆಯಬಹುದಾ?

ಪ್ರಶ್ನೆ: ನನಗೆ 24 ವರ್ಷ. ಮಂಗಳೂರಿನಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತೇನೆ. ಉಡುಪಿಯಲ್ಲಿ ಯಕ್ಷಗಾನ ಗೊಂಬೆಯಾಟ ನೋಡಿದಾಗಿನಿಂದ ಅದನ್ನು ಕಲಿಯಬೇಕು ಅನ್ನುವ ಆಸೆ ಬಿಡುತ್ತಿಲ್ಲ. ಸೂತ್ರದ ಗೊಂಬೆ ಆಡಿಸಿಕೊಂಡೇ ಜೀವನಪೂರ್ತಿ ಇರಲು ಆಗುತ್ತಾ? ಕಲಿಯಲು ಎಷ್ಟು ವರ್ಷ ಬೇಕು? ಹೆಂಗಸರಿಗೆ ಅಲ್ಲಿ ಜಾಗ ಇದೆಯಾ? ‘ಅದು ಮಕ್ಕಳಾಟ, ಅದಕ್ಕೋಸ್ಕರ ಕೆಲಸ ಬಿಡಬೇಡ’ ಅನ್ನುತ್ತಾರೆ ಅಪ್ಪ.
– ಓದುಗರೊಬ್ಬರು, ಮಂಗಳೂರು

ಉತ್ತರ: ಕೆಲಸ ಬಿಡಬೇಡಿ. ಆ ಮಾತಿನಲ್ಲಿ ನಾನು ನಿಮ್ಮ ಅಪ್ಪನ ಕಡೆ. ಮಕ್ಕಳಾಟ ಅಂದದ್ದನ್ನು ಮಾತ್ರ ಒಪ್ಪಲಾರೆ. ಅದರ ಬಗ್ಗೆ ಮುಂದೆ ಬರೆಯುತ್ತೇನೆ.

ಜೀವನಪೂರ್ತಿ ಗೊಂಬೆಯ ಜೊತೆ ಇರಲು ಖಂಡಿತ ಆಗುತ್ತದೆ. ನಾನು ಸೂತ್ರಕ್ಕೆ ಕೈ ಹಾಕಿದಾಗ ಹೈಸ್ಕೂಲಿನಲ್ಲಿದ್ದೆ. ಈಗ ಮೊಮ್ಮಕ್ಕಳಿದ್ದಾರೆ, ಇನ್ನೂ ಬಿಟ್ಟಿಲ್ಲ. ಆದರೆ ಬರೀ ಸೂತ್ರ ಎಳೆದುಕೊಂಡು ಕೊನೆಯವರೆಗೆ ಉಳಿದವರನ್ನು ನಾನು ಕಂಡಿಲ್ಲ. ಉಳಿದವರೆಲ್ಲ ಮೇಳದ ಇನ್ನೊಂದು ಕೆಲಸವನ್ನೂ ಕೈಗೆ ಹತ್ತಿಸಿಕೊಂಡವರು. ಒಬ್ಬರು ಗೊಂಬೆ ಕೆತ್ತುತ್ತಾರೆ, ಒಬ್ಬರು ಅರ್ಥ (ಪಾತ್ರದ ಮಾತು) ಹೇಳುತ್ತಾರೆ, ಇನ್ನೊಬ್ಬರು ಮದ್ದಳೆಗೂ ಕೂರುತ್ತಾರೆ. ಕಾರಣ ಸರಳ. ಸೂತ್ರ ಹಿಡಿಯುವ ಕೈಗೆ ವಯಸ್ಸಾಗುತ್ತದೆ. ಆಗ ಮೇಳದಲ್ಲಿ ನಿಮಗೆ ಬೇರೆ ಜಾಗ ಇರಬೇಕು. ಮುಂದೆ ನಾನು ಹೇಳುವುದೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬರುತ್ತದೆ.

ಮೊದಲು ಕೈ ಕಲಿಯಬೇಕಾದದ್ದು ಏನು ಅಂತ ನೋಡೋಣ. ನಮ್ಮ ಯಕ್ಷಗಾನದ ಗೊಂಬೆ ಸುಮಾರು 18 ಇಂಚು ಎತ್ತರ. ಭುಜ, ಮೊಣಕೈ, ಸೊಂಟ, ಮೊಣಕಾಲಿನಲ್ಲಿ ಕೀಲು. ಐದರಿಂದ ಏಳು ಸೂತ್ರ, ಅವೆಲ್ಲ ಮೇಲೆ ಕೈಯಲ್ಲಿ ಹಿಡಿಯುವ ಕೋಲಿಗೆ ಕಟ್ಟಿರುತ್ತವೆ. ಕಷ್ಟದ ಚಲನೆ ಇದ್ದಾಗ ಒಂದೇ ಗೊಂಬೆಯನ್ನು ಇಬ್ಬರು, ಮೂವರು ಸೇರಿ ಆಡಿಸುವುದೂ ಇದೆ. ಎದುರು ಕೂತವರಿಗೆ ನಾವು ಎಳೆಯುವುದೇ ಕೆಲಸ ಅನಿಸುತ್ತದೆ. ನಿಜವಾದ ಕೆಲಸ ಬಿಡುವುದರಲ್ಲಿದೆ.

ದಾರಕ್ಕೆ ಎಳೆಯಲು ಗೊತ್ತು, ತಳ್ಳಲು ಗೊತ್ತಿಲ್ಲ. ಗೊಂಬೆಯ ಕಾಲನ್ನು ನೀವು ಎಷ್ಟು ಬೇಗ ಬೇಕಾದರೂ ಎತ್ತಬಹುದು. ಕೆಳಗೆ ಇಳಿಯುವುದು ಮಾತ್ರ ಭೂಮಿ ಎಳೆದಷ್ಟೇ ವೇಗದಲ್ಲಿ. ಐದು ಸೆಂಟಿಮೀಟರ್ ಎತ್ತಿದ ಕಾಲು ನೆಲ ಮುಟ್ಟಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಅಷ್ಟೇನಾ ಅನ್ನಬೇಡಿ. ಚಂಡೆ ಜೋರಾದಾಗ ಪೆಟ್ಟಿಗೂ ಪೆಟ್ಟಿಗೂ ನಡುವೆ ಕಾಲು ಸೆಕೆಂಡು ಸಿಕ್ಕಿದರೆ ಹೆಚ್ಚು. ಪೆಟ್ಟು ಕೇಳಿದ ಮೇಲೆ ಬೆರಳು ಬಿಟ್ಟರೆ ಗೊಂಬೆ ಪ್ರತಿ ಸಲವೂ ತಾಳದ ಹಿಂದೆ ಹೆಜ್ಜೆ ಹಾಕುತ್ತದೆ. ತಾಳದ ಹೆಸರು ಗೊತ್ತಿಲ್ಲದ ಮಗುವಿಗೂ ಅದು ತಿಳಿದುಬಿಡುತ್ತದೆ, ‘ಯಾಕೋ ಸರಿ ಇಲ್ಲ’ ಅನಿಸುತ್ತದೆ. ಹಾಗಾಗಿ ಪೆಟ್ಟು ಬೀಳುವ ಮೊದಲೇ ಬೆರಳು ಬಿಡಬೇಕು. ಯಾವಾಗ ಬೀಳುತ್ತದೆ ಅಂತ ಕಾದು ಕೇಳುವವರಿಗೆ ಇದು ಸಾಧ್ಯವಿಲ್ಲ. ತಾಳ ನಿಮ್ಮೊಳಗೇ ಓಡುತ್ತಿರಬೇಕು. ತ್ರಿವುಡೆ ತಾಳಕ್ಕೆ ಏಳು ಎಣಿಕೆ, ಝಂಪೆಗೆ ಹತ್ತು, ಅಷ್ಟ ತಾಳಕ್ಕೆ ಹದಿನಾಲ್ಕು ಅಂತ ಲೆಕ್ಕ ಬಾಯಿಪಾಠ ಮಾಡಿದರೆ ಸಾಲದು. ಬಾಯಿತಾಳ ಹೇಳುತ್ತಾ ನಿಮ್ಮ ಕಾಲಿನಲ್ಲೇ ಕುಣಿದಿರಬೇಕು. ತಾನು ಕುಣಿಯದವರು ಗೊಂಬೆ ಕುಣಿಸುವುದು ನನಗೆ ನಂಬಿಕೆ ಇಲ್ಲ.

ಇನ್ನೊಂದು, ತೂಗಾಟ. ಹನುಮಂತ ಓಡಿ ಬಂದು ಸೀತೆಯ ಎದುರು ನಿಲ್ಲಬೇಕು. ನೀವು ಕೈ ನಿಲ್ಲಿಸುತ್ತೀರಿ, ಗೊಂಬೆ ನಿಲ್ಲುವುದಿಲ್ಲ, ಮುಂದೆ ಹಿಂದೆ ತೂಗುತ್ತದೆ. ಒಂದು ಮೀಟರ್ ದಾರಕ್ಕೆ ತೂಗುಬಿದ್ದ ವಸ್ತು ಹೋಗಿ ಬರಲು ಎರಡು ಸೆಕೆಂಡು ತೆಗೆದುಕೊಳ್ಳುತ್ತದೆ. ಸೀತೆ ಅಳುತ್ತಿರುವಾಗ ಹನುಮಂತ ಹೀಗೆ ನಾಲ್ಕು ಸಲ ತೂಗಿದರೆ ಆ ಪದ್ಯ ಹಾಳಾದ ಹಾಗೆ. ಇದಕ್ಕೆ ಉಪಾಯ ಇದೆ. ಗೊಂಬೆ ಮುಂದಕ್ಕೆ ಹೋಗಿ ಇನ್ನೇನು ಹಿಂದಿರುಗಬೇಕು ಅನ್ನುವ ಕ್ಷಣಕ್ಕೆ ನಿಮ್ಮ ಕೈ ಸರಿಯಾಗಿ ಅದರ ತಲೆಯ ಮೇಲೆ ಬಂದಿರಬೇಕು. ಆಗ ಅದು ಅಲ್ಲೇ ನಿಲ್ಲುತ್ತದೆ. ಹೇಳಲು ಸುಲಭ. ಕೈಗೆ ಬರಲು ಒಂದೆರಡು ಮಳೆಗಾಲ ಬೇಕು.

ಮೇಲಿಂದ ಆಡಿಸುವ ನಮಗೆ ಗೊಂಬೆಯ ಕಾಲು ಸರಿಯಾಗಿ ಕಾಣುವುದಿಲ್ಲ. ಕಿರೀಟ, ಭುಜಕೀರ್ತಿ ಅಡ್ಡ ಬರುತ್ತವೆ. ಹಾಗಾದರೆ ಪಾದ ನೆಲದ ಮೇಲಿದೆಯೋ ಗಾಳಿಯಲ್ಲಿದೆಯೋ ಹೇಗೆ ತಿಳಿಯುವುದು? ಕೈಗೆ ಬರುವ ಭಾರದಿಂದ. ಪಾದ ನೆಲ ತಾಗಿದ ಕೂಡಲೇ ಕೈಯ ಭಾರ ಒಂಚೂರು ಇಳಿಯುತ್ತದೆ. ಇನ್ನೂ ಇಳಿದರೆ ಮೊಣಕಾಲು ಬಗ್ಗುತ್ತಿದೆ ಅಂತ ಅರ್ಥ. ದೊಡ್ಡ ಕಲಾವಿದರು ಆ ಒಂಚೂರಿನ ಮೇಲೆ ಅರ್ಧ ಗಂಟೆ ಗೊಂಬೆಯನ್ನು ನಿಲ್ಲಿಸಬಲ್ಲರು. ಗೊಂಬೆಯ ಬಾಯಿ ಆಡುವುದಿಲ್ಲ ಅಲ್ವಾ, ಯಾರು ಮಾತಾಡುತ್ತಿದ್ದಾರೆ ಅಂತ ಜನಕ್ಕೆ ಗೊತ್ತಾಗುವುದು ಕೈ, ತಲೆಯ ಚಲನೆಯಿಂದ. ಹಾಗಾಗಿ ರಾವಣ ಮಾತಾಡುವಾಗ ವಿಭೀಷಣ ಅಲುಗಬಾರದು, ಆದರೆ ಕೇಳುತ್ತಿರುವ ಹಾಗೆ ಕಾಣಬೇಕು. ಹೊಸಬರಿಗೆ ನಾನು ಮೊದಲು ಕೊಡುವುದು ಇದನ್ನೇ, ಸುಮ್ಮನೆ ನಿಂತು ಕೇಳುವ ಗೊಂಬೆ. ಯುದ್ಧ, ದಿಗಿಣ (ಹಾರಿ ಸುತ್ತುವ ಕುಣಿತ) ಎಲ್ಲ ಆಮೇಲೆ.

ಎಷ್ಟು ವರ್ಷ ಅಂತ ಕೇಳಿದಿರಿ. ಜಪಾನಿನ ಬುನ್ರಾಕು ಗೊಂಬೆಯನ್ನು ಮೂವರು ಹಿಡಿಯುತ್ತಾರೆ. ಅಲ್ಲಿ ಹತ್ತು ವರ್ಷ ಕಾಲು, ಇನ್ನು ಹತ್ತು ವರ್ಷ ಎಡಗೈ, ಆಮೇಲೆ ತಲೆ ಅನ್ನುವ ಮಾತೇ ಇದೆ. ಅದು ಸೂತ್ರದ ಗೊಂಬೆ ಅಲ್ಲ, ನೇರ ಕೈಯಲ್ಲಿ ಹಿಡಿಯುವಂಥದ್ದು. ಆದರೂ ಅವರ ಲೆಕ್ಕ ನನಗೆ ಅತಿ ಅನಿಸುವುದಿಲ್ಲ. ನಮ್ಮಲ್ಲಿ ಎರಡು ಮೂರು ವರ್ಷಕ್ಕೆ ರಂಗದಲ್ಲಿ ಸಣ್ಣ ಪಾತ್ರ ಆಡಿಸಬಹುದು. ಹಿಮ್ಮೇಳ ಹೇಗೆ ಹೋದರೂ ಕೈ ತಪ್ಪದ ಧೈರ್ಯ ಬರಲು ಹತ್ತು ವರ್ಷ ಹಿಡಿಯುತ್ತದೆ. ಜರ್ಮನಿಯ ಆಲ್ಬ್ರೆಕ್ಟ್ ರೋಸರ್ (1922–2011) ಅವರ ಹೆಸರು ನೀವು ಕೇಳಿರಬೇಕು. ಗುಸ್ತಾಫ್ ಎಂಬ ಕೋಡಂಗಿ ಗೊಂಬೆಯನ್ನು ಮಾಡಿಕೊಂಡು, ಅದನ್ನು ದಶಕಗಟ್ಟಲೆ ಆಡಿಸಿದರು. ತಾವು ಕಲಿತದ್ದನ್ನು ಸ್ಟುಟ್‌ಗಾರ್ಟಿನಲ್ಲಿ ಮುಂದಿನವರಿಗೆ ಕಲಿಸಿದರು. ಗೊಂಬೆ ಮಾಡುವುದು, ಆಡಿಸುವುದು, ಕಲಿಸುವುದು ಮೂರೂ ಒಬ್ಬರಲ್ಲೇ ಇತ್ತು.

ನಮ್ಮ ಉಡುಪಿ ಜಿಲ್ಲೆಯಲ್ಲಿ ಇದಕ್ಕೆ ಉಪ್ಪಿನಕುದ್ರುವಿನ ಕಾಮತ್ ಮನೆತನ ಇದೆ. ದೇವಣ್ಣ ಪದ್ಮನಾಭ ಕಾಮತ್, ಅವರ ಮಗ ಕೊಗ್ಗ ಕಾಮತ್, ಈಗ ಭಾಸ್ಕರ ಕೊಗ್ಗ ಕಾಮತ್. ಮೂರು ಶತಮಾನಕ್ಕೂ ಹಿಂದಿನ ಪರಂಪರೆ ಎಂದು ಮನೆತನದವರು ಹೇಳುತ್ತಾರೆ. ಕೊಗ್ಗ ಕಾಮತರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂದಿತ್ತು, ಬಡಗುತಿಟ್ಟಿನ, ಅಂದರೆ ಯಕ್ಷಗಾನದ ಉತ್ತರದ ಶೈಲಿಯ ಗೊಂಬೆ ಹೊರದೇಶದ ರಂಗಗಳನ್ನೂ ಕಂಡಿತು. ಒಂದು ಮನೆಯಲ್ಲಿ ಅಷ್ಟು ತಲೆಮಾರು ಇದು ಹೇಗೆ ಉಳಿಯಿತು ಅಂತ ಯೋಚಿಸಿ. ಮನೆಯ ಎಲ್ಲರಿಗೂ ಎಲ್ಲ ಕೆಲಸದಲ್ಲೂ ಕೈ ಇದ್ದರೆ ಮಾತ್ರ ಹೀಗೆ ಉಳಿಯಲು ಸಾಧ್ಯ. ತೆಂಕುತಿಟ್ಟಿಗೆ, ಅಂದರೆ ದಕ್ಷಿಣದ ಶೈಲಿಗೆ, ಕಾಸರಗೋಡಿನಲ್ಲಿ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ ಇದೆ. ನಿಮ್ಮ ಊರಿಗೆ ಅದೇ ಹತ್ತಿರ. ಎರಡನ್ನೂ ನೋಡಿ. ಕಿರೀಟ, ಕುಣಿತ, ಚೆಂಡೆಯ ಪೆಟ್ಟು ಬೇರೆ ಬೇರೆ. ನಿಮ್ಮ ಕಿವಿಗೆ ಯಾವುದು ಹಿಡಿಸುತ್ತದೋ ಅದನ್ನೇ ಕಲಿಯಿರಿ, ಎರಡನ್ನೂ ಕಲಸಬೇಡಿ.

ಈಗ ಮೈಯ ವಿಷಯ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತೇನೆ. ಎರಡು ಕಿಲೋ ತೂಕದ ಗೊಂಬೆ ಅಂದುಕೊಳ್ಳಿ. ಮೊಣಕೈ ಮೈಗೆ ತಾಗಿಸಿ ಹಿಡಿದರೆ ಭಾರವೇ ಅಲ್ಲ. ಕೈ ಪೂರ್ತಿ ಮುಂದಕ್ಕೆ ಚಾಚಿ ಹಿಡಿದರೆ ಅದೇ ಎರಡು ಕಿಲೋ ಭುಜದ ಮೇಲೆ ಹೆಚ್ಚುಕಡಿಮೆ ಎರಡು ಪಟ್ಟಾಗಿ ಬೀಳುತ್ತದೆ. ಹಿಂದೆ ಕಪ್ಪು ಪರದೆ, ಅದರಾಚೆ ಎತ್ತರದ ಹಲಗೆಯ ಮೇಲೆ ನಾವು, ಕುತ್ತಿಗೆ ಬಗ್ಗಿಸಿಕೊಂಡು ಕೆಳಗೆ ನೋಡುತ್ತಾ. ವರ್ಷಗಟ್ಟಲೆ ಹೀಗೆ ನಿಂತರೆ ಭುಜ, ಕುತ್ತಿಗೆ, ಸೊಂಟ ಹಿಡಿಯದೇ ಇರುತ್ತದಾ? ಎದೆಗೆ ಒರಗಲು ಅಡ್ಡಕೋಲು ಇಟ್ಟುಕೊಳ್ಳಿ. ಎರಡೂ ಕೈಯಲ್ಲಿ ಕೋಲು ಹಿಡಿಯುವ ಅಭ್ಯಾಸ ಮೊದಲಿನಿಂದಲೇ ಇರಲಿ. ಆಟಕ್ಕೆ ಮುಂಚೆ ಐದು ನಿಮಿಷ ಭುಜ ತಿರುಗಿಸಿ ಬಿಸಿ ಮಾಡಿಕೊಳ್ಳಿ. ಭುಜ ನೋಯುತ್ತಾ ಒಂದು ತಿಂಗಳು ಕಳೆದರೆ ಎಣ್ಣೆ ಹಚ್ಚಿಕೊಂಡು ಕೂರಬೇಡಿ, ಮೂಳೆ ಡಾಕ್ಟರನ್ನು ನೋಡಿ. ಬಿಗಿದ ಭುಜ ಸಡಿಲಾಗಲು ಒಂದೆರಡು ವರ್ಷ ಹಿಡಿಯುವುದುಂಟು.

ಕಣ್ಣಿನ ವಿಷಯ ಇನ್ನೂ ವಿಚಿತ್ರ. ನಲವತ್ತು ದಾಟಿದ ಮೇಲೆ ಎಲ್ಲರ ಹಾಗೆ ನಮಗೂ ಎರಡು ಪವರಿನ ಕನ್ನಡಕ ಬರುತ್ತದೆ. ಅದರ ಕೆಳಭಾಗ ಇರುವುದು ಪುಸ್ತಕ ಓದಲು, ಅಂದರೆ ಒಂದಡಿ ಚಿಲ್ಲರೆ ದೂರಕ್ಕೆ. ನಾವು ಕೆಳಗೆ ನೋಡಿದಾಗ ಕಣ್ಣು ಆ ಭಾಗಕ್ಕೇ ಹೋಗುತ್ತದೆ, ಗೊಂಬೆ ಇರುವುದು ನಾಲ್ಕೈದು ಅಡಿ ದೂರದಲ್ಲಿ. ಎಲ್ಲ ಮಸುಕು. ಕಲಾವಿದರಿಗೆ ಗೊಂಬೆ ತಪ್ಪಲು ಶುರುವಾದಾಗ ಕೈ ಹೋಯಿತು ಅಂತ ಸುತ್ತಲಿನವರು ಮಾತಾಡುತ್ತಾರೆ. ಎಷ್ಟೋ ಸಲ ಹೋಗಿರುವುದು ಕೈ ಅಲ್ಲ, ಕನ್ನಡಕ. ಗೊಂಬೆಯ ದೂರ ಅಳತೆ ಮಾಡಿ, ಅಷ್ಟಕ್ಕೇ ಒಂದೇ ಪವರಿನ ಬೇರೆ ಕನ್ನಡಕ ಮಾಡಿಸಿಕೊಂಡರೆ ಮುಗಿಯಿತು. ಇಷ್ಟು ಸಣ್ಣ ಸಂಗತಿ ತಿಳಿಯದೆ ಒಳ್ಳೊಳ್ಳೆ ಕಲಾವಿದರು ರಂಗ ಬಿಟ್ಟರಲ್ಲ ಅಂತ ನನಗೆ ಈಗಲೂ ಬೇಸರ.

ಗೊಂಬೆ ಮಾಡುವ, ಕಾಯುವ ಕೆಲಸವನ್ನೂ ಕಲಿಯಿರಿ ಅಂದೆನಲ್ಲ. ನಮ್ಮದು ವರ್ಷಕ್ಕೆ 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ. ಮೇ ಕೊನೆಯಲ್ಲಿ, ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ನಮಗೆ ಬೇರೆ ಕೆಲಸ ಶುರು. ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಗೊಂಬೆಗೆ ಬೂಸ್ಟು ಹಿಡಿಯುತ್ತದೆ, ಮರಕ್ಕೆ ಹುಳ ಬೀಳುತ್ತದೆ, ಜರಿ ಕಪ್ಪಾಗುತ್ತದೆ. ಕೆತ್ತನೆಗೆ ಶಿವನೆ ಮರ ನನಗೆ ಇಷ್ಟ. ಹಗುರ, ಬೇಗ ಬಿರುಕು ಬಿಡುವುದಿಲ್ಲ. ಹಾಲೆ ಮರ ಉಳಿಗೆ ಮೃದು, ಆದರೆ ಹುಳದ ಕಾಟ ಜಾಸ್ತಿ. ಸೂತ್ರಕ್ಕೆ ಕಪ್ಪು ಹತ್ತಿ ದಾರ ಚೆನ್ನ, ಪರದೆಯ ಮುಂದೆ ಕಾಣುವುದಿಲ್ಲ. ತೊಂದರೆ ಏನೆಂದರೆ ಗಾಳಿಯ ತೇವಕ್ಕೆ ಅದರ ಉದ್ದ ಬದಲಾಗುತ್ತದೆ. ಮಧ್ಯಾಹ್ನ ಸರಿಯಿದ್ದ ಮೊಣಕಾಲು ರಾತ್ರಿ ಸರಿಯಿರುವುದಿಲ್ಲ. ಹಾಗಾಗಿ ಆಟಕ್ಕೆ ಸ್ವಲ್ಪ ಮುಂಚೆ ಪ್ರತಿ ಗೊಂಬೆಯನ್ನೂ ನಿಲ್ಲಿಸಿ ನೋಡಿ ಗಂಟು ಸರಿಮಾಡಬೇಕು. ಮೀನು ಹಿಡಿಯುವ ತಂಗೂಸಿ ಹಾಕಬಹುದಲ್ವಾ ಅಂತ ಹೊಸಬರು ಕೇಳುತ್ತಾರೆ. ಅದು ದೀಪಕ್ಕೆ ಮಿಂಚುತ್ತದೆ, ಸುತ್ತಿಟ್ಟರೆ ಸುರುಳಿ ಬಿಡಿಸಿಕೊಳ್ಳುವುದಿಲ್ಲ. ಬೇಡ.

ಈ ಕೆಲಸಗಳಲ್ಲಿ ಒಂದು ನಿಮ್ಮದಾಗಲಿ. ಐವತ್ತೈದಕ್ಕೆ ಭುಜ ಸೋತರೂ ಕೆತ್ತುವ ಕೈ ಇರುತ್ತದೆ, ಅರ್ಥ ಹೇಳುವ ಗಂಟಲು ಇನ್ನೂ ಪಕ್ವವಾಗಿರುತ್ತದೆ. ನಿಮಗೆ ಲೆಕ್ಕಪತ್ರ ಗೊತ್ತು. ಅದನ್ನು ಸಣ್ಣದು ಅಂದುಕೊಳ್ಳಬೇಡಿ. ಮೇಳಗಳಿಗೆ ಅನುದಾನದ ಅರ್ಜಿ, ಖರ್ಚಿನ ಲೆಕ್ಕ, ಆಡಿಟ್ ಇದೆಲ್ಲ ದೊಡ್ಡ ತಲೆನೋವು. ಕೇಂದ್ರದ ಸಂಸ್ಕೃತಿ ಸಚಿವಾಲಯದಲ್ಲಿ ಗುರು ಶಿಷ್ಯ ಪರಂಪರೆಗೆ ಧನಸಹಾಯ ಇದೆ. ಕಾಗದಪತ್ರ ಸರಿಯಿಲ್ಲ ಅಂತ ಅಂಥ ಅರ್ಜಿ ವಾಪಸ್ ಬರುವುದನ್ನು ನಾನು ನೋಡಿದ್ದೇನೆ. ಆ ಒಂದು ಕೆಲಸಕ್ಕೆ ಯಾವ ಮೇಳವಾದರೂ ನಿಮ್ಮನ್ನು ಖುಷಿಯಿಂದ ಸೇರಿಸಿಕೊಂಡೀತು.

ದುಡ್ಡಿನ ಮಾತು ನೇರವಾಗಿ ಹೇಳುತ್ತೇನೆ. ಒಂದು ಆಟಕ್ಕೆ ಭಾಗವತರು, ಮದ್ದಳೆ, ಚಂಡೆ, ಅರ್ಥ ಹೇಳುವವರು, ಮೂರ್ನಾಲ್ಕು ಸೂತ್ರಧಾರರು, ದೀಪ ನೋಡುವವರು ಬೇಕು. ಬಂದ ಸಂಭಾವನೆಯಲ್ಲಿ ವ್ಯಾನಿನ ಬಾಡಿಗೆ ಕಳೆದು ಎಂಟು ಹತ್ತು ಜನಕ್ಕೆ ಹಂಚಬೇಕು. ದೇವಸ್ಥಾನದ ಉತ್ಸವ, ಶಾಲೆಯ ವಾರ್ಷಿಕೋತ್ಸವ, ಮನೆಯ ಶುಭಕಾರ್ಯ, ಸರ್ಕಾರದ ಉತ್ಸವ, ಹೀಗೆ ಆಟ ಸಿಗುತ್ತದೆ. ಹೆಚ್ಚಿನದು ದೀಪಾವಳಿಯಿಂದ ಮೇ ತಿಂಗಳೊಳಗೆ. ಅದರಲ್ಲೇ ವರ್ಷ ಕಳೆಯುವುದು ಕಷ್ಟ. ರಾಜ್ಯ ಸರ್ಕಾರ ಕಲಾವಿದರಿಗೆ ಕೊಡುವ ಮಾಸಾಶನ ಸಿಗುವುದು 58 ವರ್ಷ ತುಂಬಿದ ಮೇಲೆ. ನಡುವಿನ ಮೂವತ್ತು ಚಿಲ್ಲರೆ ವರ್ಷ ನೀವೇ ನೋಡಿಕೊಳ್ಳಬೇಕು. ಅದಕ್ಕೇ ಕೆಲಸ ಬಿಡಬೇಡಿ ಅಂದದ್ದು. ಶನಿವಾರ, ಭಾನುವಾರ ಅಭ್ಯಾಸ, ರಜೆಯಲ್ಲಿ ಆಟ. ನಮ್ಮ ಕರಾವಳಿಯಲ್ಲಿ ಹಗಲು ಮೇಷ್ಟ್ರು, ಬ್ಯಾಂಕಿನವರು, ರಾತ್ರಿ ವೇಷಧಾರಿಗಳು ಆದವರು ಎಷ್ಟಿಲ್ಲ! ಅವರನ್ನು ಯಾರೂ ಅರೆ ಕಲಾವಿದರು ಅನ್ನಲಿಲ್ಲ.

ಹೆಂಗಸರಿಗೆ ಜಾಗ ಇದೆಯಾ ಅಂತ ಕೇಳಿದ್ದು ಒಳ್ಳೆಯದಾಯಿತು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ ತೊಂಬತ್ತು ದಾಟಿತ್ತು. ಅವರದು ತೊಗಲು ಗೊಂಬೆ, ನಮ್ಮದಲ್ಲ. ಆದರೂ ಜೀವಮಾನ ಅಂದರೆ ಏನು ಅಂತ ಅವರನ್ನು ನೋಡಿದರೆ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಅನುಪಮಾ ಹೊಸ್ಕೆರೆ ಅವರು ‘ಧಾತು’ ಎಂಬ ಸಂಸ್ಥೆ ಕಟ್ಟಿ ಸೂತ್ರ ಸಲಾಕೆಯ ಗೊಂಬೆಗಳನ್ನು ತಾವೇ ಮಾಡಿ ಆಡಿಸುತ್ತಾರೆ. ಕರಾವಳಿಯಲ್ಲಿ ಕಡಿಮೆ, ನಿಜ. ರಾತ್ರಿ ತಿರುಗಾಟ, ಚೌಕಿಯಲ್ಲಿ (ಬಣ್ಣದ ಕೋಣೆಯಲ್ಲಿ) ಅನುಕೂಲ ಇಲ್ಲದ್ದು ಇದೆಲ್ಲ ಅಡ್ಡಿಯಾಗಿತ್ತು. ಗೊಂಬೆಯಾಟ ಈಗ ಹೆಚ್ಚಾಗಿ ಸಂಜೆಯ ಒಂದೆರಡು ಗಂಟೆಯದು, ಆ ಅಡ್ಡಿ ಮೊದಲಿನಷ್ಟಿಲ್ಲ. ಮಹಿಳಾ ಯಕ್ಷಗಾನ ತಂಡಗಳು ಊರೂರಿನಲ್ಲಿವೆ. ಗೊಂಬೆಗಂತೂ ಎತ್ತರ, ದಪ್ಪ, ಗಂಡು ಹೆಣ್ಣು ಯಾವುದೂ ಬೇಕಾಗಿಲ್ಲ. ಪರದೆಯ ಹಿಂದೆ ನಿಂತ ನೀವು ರಾವಣನನ್ನು ಆಡಿಸಿದರೆ ಎದುರಿನವರಿಗೆ ಕಾಣುವುದು ರಾವಣ ಮಾತ್ರ. ನನ್ನ ಹತ್ತಿರ ಕಲಿಯಲು ಬಂದ ಹೆಣ್ಣುಮಕ್ಕಳಲ್ಲಿ ಆ ‘ಸುಮ್ಮನೆ ಕೇಳುವ ಗೊಂಬೆ’ ಬೇಗ ಕೈಗೆ ಹತ್ತಿದ್ದನ್ನು ಕಂಡಿದ್ದೇನೆ.

ಇನ್ನು ಮಕ್ಕಳಾಟದ ಮಾತು. ಇದು ಮಕ್ಕಳಿಗೆ ಅಂತ ಹುಟ್ಟಿದ ಕಲೆಯೇ ಅಲ್ಲ. ಲಂಕಾದಹನ, ಪಂಚವಟಿ, ನರಕಾಸುರ ವಧೆಯನ್ನು ದೊಡ್ಡವರು ಕೂತು ನೋಡುತ್ತಿದ್ದರು, ಪದ್ಯ ತಪ್ಪಿದರೆ ಎದ್ದು ಹೇಳುತ್ತಿದ್ದರು. ಆಸ್ಟ್ರಿಯಾದ ಸಾಲ್ಜ್‌ಬರ್ಗಿನಲ್ಲಿ 1913ರಲ್ಲಿ ಆಂಟನ್ ಐಶರ್ ಶುರುಮಾಡಿದ ಸೂತ್ರದ ಗೊಂಬೆಯ ರಂಗಮಂದಿರ ಇನ್ನೂ ಇದೆ, ಅಲ್ಲಿ ಮೊಜಾರ್ಟನ ಒಪೆರಾ ಆಡಿಸುತ್ತಾರೆ. ಗೊಂಬೆ ಕಲಾವಿದರ ಅಂತರರಾಷ್ಟ್ರೀಯ ಸಂಘ ‘ಯುನಿಮಾ’ ಹುಟ್ಟಿದ್ದು 1929ರಲ್ಲಿ, ಪ್ರಾಗ್ ನಗರದಲ್ಲಿ. ಇದನ್ನೆಲ್ಲ ಅಪ್ಪನಿಗೆ ಒಪ್ಪಿಸಿ ವಾದಕ್ಕೆ ಇಳಿಯಬೇಡಿ. ಒಂದು ಆಟಕ್ಕೆ ಕರೆದುಕೊಂಡು ಹೋಗಿ. ಸಾಧ್ಯವಾದರೆ ಮೇಳದವರನ್ನು ಕೇಳಿ ಅರ್ಧ ಹೊತ್ತು ಪರದೆಯ ಹಿಂದೆ ಕೂರಿಸಿ. ಮೂವರು ಒಂದೇ ಹಲಗೆಯ ಮೇಲೆ, ಒಬ್ಬರ ತೋಳಿನ ಕೆಳಗೆ ಇನ್ನೊಬ್ಬರು ನುಗ್ಗಿ, ಸೂತ್ರ ಸಿಕ್ಕಾಗದ ಹಾಗೆ ಕೃಷ್ಣಾರ್ಜುನರ ಕಾಳಗ ನಡೆಸುವುದನ್ನು ಅವರೇ ನೋಡಲಿ.

ನೀವು ಈಗಲೇ ಮಾಡಬಹುದಾದದ್ದು ಎರಡು. ಮೊದಲು ಯಕ್ಷಗಾನದ ಹೆಜ್ಜೆ, ತಾಳ ಕಲಿಯಲು ಸೇರಿ. ಮಂಗಳೂರಿನಲ್ಲಿ ವಾರದ ಕೊನೆಗೆ ತೆಂಕುತಿಟ್ಟು ಕಲಿಸುವವರು ಬೇಕಾದಷ್ಟಿದ್ದಾರೆ. ಬಡಗು ಬೇಕಾದರೆ ಉಡುಪಿಯ ಇಂದ್ರಾಳಿಯಲ್ಲಿ ಯಕ್ಷಗಾನ ಕೇಂದ್ರ ಇದೆ. ಗೊಂಬೆಯ ಕೋಲು ಹಿಡಿಯುವ ಮೊದಲು ಒಂದು ವರ್ಷವಾದರೂ ಇದು ಆಗಲಿ.

ಎರಡನೆಯದು ಮನೆಯಲ್ಲೇ. ಸಣ್ಣ ಬಟ್ಟೆಯ ಚೀಲದಲ್ಲಿ ಕಾಲು ಕಿಲೋ ಮರಳು ತುಂಬಿ, ಒಂದು ಮೀಟರ್ ದಾರ ಕಟ್ಟಿ, ಕುರ್ಚಿಯ ಮೇಲೆ ನಿಂತು ಕೆಳಗೆ ಇಳಿಬಿಡಿ. ನೆಲದ ಮೇಲೆ ಸ್ಟೀಲಿನ ತಟ್ಟೆ ಇಡಿ. ಮೊಬೈಲಿನಲ್ಲಿ ಏಕತಾಳ ಹಾಕಿಕೊಂಡು, ಪ್ರತಿ ಪೆಟ್ಟಿಗೂ ಚೀಲ ತಟ್ಟೆ ಮುಟ್ಟುವ ಹಾಗೆ ಬಿಡುತ್ತಾ ಹೋಗಿ, ಇನ್ನೊಂದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಕೇಳಿದಾಗ ತಟ್ಟೆಯ ಸದ್ದು ತಾಳದ ಹಿಂದೆ ಬರುತ್ತದೆ, ಮೊದಮೊದಲು ಎಲ್ಲರಿಗೂ ಹಾಗೆಯೇ. ಎರಡು ಸದ್ದು ಒಂದೇ ಆಗುವ ತನಕ ದಿನಕ್ಕೆ ಹತ್ತು ನಿಮಿಷ ಸಾಕು. ಎಡಗೈಗೂ ಅಷ್ಟೇ ಹೊತ್ತು ಕೊಡಿ. ಅದು ಬಂದ ಮೇಲೆ ತಟ್ಟೆಯ ಮೇಲೆ ಚೀಲ ತೂಗದೆ ನಿಲ್ಲುವುದನ್ನು ಅಭ್ಯಾಸ ಮಾಡಿ.

ಇಷ್ಟಾದ ಮೇಲೆ ಉಪ್ಪಿನಕುದ್ರುವಿಗೆ ಒಮ್ಮೆ ಹೋಗಿ ಬನ್ನಿ. ಕುಂದಾಪುರ ದಾಟಿ ತಲ್ಲೂರಿನ ಹತ್ತಿರ. ಅಲ್ಲಿ ‘ಗೊಂಬೆಮನೆ’ ಇದೆ. ಆಟ ಯಾವ ದಿನ ಅಂತ ಮೊದಲೇ ವಿಚಾರಿಸಿಕೊಂಡು ಹೊರಡಿ. ಆಟ ಮುಗಿದ ಕೂಡಲೇ ಏಳಬೇಡಿ. ಸೂತ್ರ ಸುತ್ತಿ ಗೊಂಬೆ ಕಟ್ಟಿಡುವುದನ್ನು ಹತ್ತಿರ ನಿಂತು ನೋಡಿ. ಕೈಜೋಡಿಸಲಾ ಅಂತ ಕೇಳಿ.